ಹದಿನೇಳಕ್ಕೂ ಹದಿನೆಂಟಕ್ಕೂ ನಡುವಿನ ಓಣಿ

ಮನೆ, ಮೂರನೇ ಮಹಡಿ,
ಕಿಟಕಿ ಪಕ್ಕದ ಮೇಜು,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ.

ನನ್ನ ಚುಕ್ಕಿ ಮಗಳಿಗೆ, ಅಪ್ಪನ ತುಂಬು ಪ್ರೀತಿ.

ಮೊದಲು ನಿನ್ನ ಕುತ್ತಿಗೆಯ ಸಮಾಚಾರ ಹೇಳು. ಹೋದ ಪತ್ರದಲ್ಲಿ ‘ಕಂಪ್ಯೂಟರಿನ ಮುಂದೆ ಕೂತೂ ಕೂತೂ ಕುತ್ತಿಗೆ ಹಲಗೆಯಾಗಿದೆ ಅಪ್ಪಾ’ ಅಂತ ಬರೆದಿದ್ದೆ. ಹಲಗೆಯಾದರೆ ಒಳ್ಳೆಯದೇ, ಹಾಳೆ ಪಿನ್ನು ಮಾಡಿ ನಕ್ಷೆ ಬರೆಯಬಹುದು ಎನ್ನಲು ಹೊರಟಿದ್ದೆ. ನಿನ್ನಮ್ಮ ಇದ್ದಿದ್ದರೆ ‘ಮಗು ನೋವು ಅಂದರೆ ಇವರಿಗೆ ಹಾಸ್ಯ’ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು, ಅದಕ್ಕೆ ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಗಂಟೆಗೊಮ್ಮೆ ಎದ್ದು ನಿಲ್ಲು. ನಾವು ಹಳೇ ನಕ್ಷೆಗಾರರು ನಿಂತೇ ಕೆಲಸ ಮಾಡಿದವರು, ನಮಗೆ ಕಾಲು ಹೋಯಿತು, ಕುತ್ತಿಗೆ ಉಳಿಯಿತು. ನಿಮ್ಮ ಕಾಲದವರದು ಉಲ್ಟಾ. ಹಾಸ್ಟೆಲಿನ ಆ ನಡು ಕುಸಿದ ಹಾಸಿಗೆ ಬದಲಾಯಿಸಿದರಾ? ಎಂಟು ತಿಂಗಳ ಕೆಲಸಕ್ಕೆ ಕರೆಸಿಕೊಂಡವರು ಒಂದು ನೆಟ್ಟಗಿನ ಹಾಸಿಗೆ ಕೊಡಲಾರರೇ, ನಾಚಿಕೆ ಬಿಟ್ಟು ಕೇಳು. ಈ ಪತ್ರ ಕೈ ಸೇರುವಾಗ ನೀನು ಪಿಂಕ್ ಆಫ್, ಪಿಂಕ್ ಆಫ್ ಏನೋ ಒಂದು, ಆರೋಗ್ಯವಾಗಿರುವುದಕ್ಕೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಪ್ರತಿ ಪತ್ರದಲ್ಲೂ ಬರೆಸುತ್ತಿದ್ದರು, ಅದರಲ್ಲಿ ಇರುವೆ ಎಂದು ನಂಬಿದ್ದೇನೆ. ನನ್ನದು ಏನೂ ತಕರಾರಿಲ್ಲ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಎಡ ಮಂಡಿ ಮೆಟ್ಟಿಲು ಇಳಿಯುವಾಗ ಮಾತಾಡುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಮೊಟ್ಟೆ ಬೇಯಿಸುವುದರಲ್ಲಿ ಪಾರಂಗತನಾಗಿದ್ದೇನೆ. ಕೆಳಗಿನ ಮನೆಯಾಕೆ ಮೊನ್ನೆ ‘ನಿಮ್ಮ ಮನೆಯಿಂದ ದಿನಾ ಸುಟ್ಟ ವಾಸನೆ ಬರ್ತಿತ್ತು, ಈಗ ಬರ್ತಿಲ್ಲ, ಹುಷಾರಾಗಿದ್ದೀರಾ’ ಎಂದು ವಿಚಾರಿಸಲು ಬಂದಿದ್ದರು.

ಫೋನು ಇರುವಾಗ ಇದೇನು ಪತ್ರ ಎಂದು ನೀನು ಹುಬ್ಬು ಗಂಟಿಕ್ಕಬಹುದು. ಈ ವಾರದಲ್ಲಿ ಮೂರು ಸಲ ಫೋನು ಮಾಡಿದೆನಲ್ಲ, ಮೂರು ಸಲವೂ ಊಟ ಆಯಿತಾ, ಅಲ್ಲಿ ಚಳಿಯಾ ಎಂದು ಕೇಳಿ ಇಟ್ಟುಬಿಟ್ಟೆ. ನೀನು ಕೂಡ ಕೊನೇ ಸಲ ‘ಅಪ್ಪಾ, ಹವಾಮಾನ ಇಲಾಖೆ ಸೇರಿದ್ಯಾ’ ಅಂದೆ. ಹೇಳಬೇಕಾದದ್ದು ಬಾಯಿಯ ತನಕ ಬಂದು ಚಪ್ಪಲಿ ಹಾಕಿಕೊಂಡು ವಾಪಸು ಹೋಗುತ್ತದೆ. ಅಲ್ಲದೆ ಜೊತೆಗೆ ಕಳಿಸಬೇಕಾದ ಕಾಗದಗಳೂ ಇವೆ. ನಿನ್ನ ಸಮೀಕ್ಷೆಯ ಇಲ್ಲಿನ ಮೇಲ್ವಿಚಾರಕಿ, ನಾನು ಗಡಿಯಾರದಮ್ಮ ಅನ್ನುತ್ತೇನಲ್ಲ, ಹತ್ತಕ್ಕೆ ಅಂದರೆ ಹತ್ತಕ್ಕೆ ಬರುವವರು, ಅವರು ಇವತ್ತು ಹನ್ನೊಂದರ ಬಸ್ಸಿಗೆ ನಿನ್ನ ಕಚೇರಿಗೆ ಬರುತ್ತಿದ್ದಾರೆ. ಲಕೋಟೆಯನ್ನು ಅವರ ಕೈಯಲ್ಲೇ ಕೊಡುತ್ತೇನೆ. ನಾಳೆ ಬೆಳಿಗ್ಗೆ ನಿನಗೆ ಸಿಗಬೇಕು. ಗುರುವಾರದ ಮೀಟಿಂಗಿಗೆ ಮುಂಚೆ ಸಿಗಲೇಬೇಕು.

ವಿತ್ ರೆಫರೆನ್ಸ್ ಟು ನಿನ್ನ ನಕ್ಷೆ. ಕೊಳವೆಯಲ್ಲಿ ಸುತ್ತಿ ಕಳಿಸಿದ್ದು ಹೋದ ಭಾನುವಾರ ಬಂತು. ಹಾಲ್‌ನಲ್ಲಿ ಕ್ಯಾಲೆಂಡರು ತೆಗೆದು ಅದನ್ನು ಹಾಕಿದ್ದೇನೆ, ಗೋಡೆಯ ಅರ್ಧ ಅದಕ್ಕೇ ಹೋಯಿತು. ನಗರ, ಅದರ ಸೆರಗು ಹಿಡಿದುಕೊಂಡಿರುವ ಹನ್ನೊಂದು ಸಣ್ಣ ಊರು, ಎರಡು ರೈಲು ದಾರಿ, ನದಿ, ಎಲ್ಲ ಒಂದೇ ಹಾಳೆಯಲ್ಲಿ. ನಾವು ಒಂದು ಪೇಟೆಯನ್ನು ಬರೆಯುವುದಕ್ಕೇ ನಲವತ್ತು ಹಾಳೆ ಬಳಸಿದವರು. ಒಂದು ಚುಕ್ಕಿಗೆ ಹತ್ತು ಜನ ಅಂತ ಬರೆದಿದ್ದೀಯ. ಬೆಳಗಿನ ಹೊತ್ತು ಯಾವ ದಾರಿಯಲ್ಲಿ ಎಷ್ಟು ಜನ ಹೋಗುತ್ತಾರೋ ಅಷ್ಟು ದಪ್ಪ ಗೆರೆ. ಆಸ್ಪತ್ರೆಗೆ ನಡೆಯಬೇಕಾದ ದೂರ ಹೆಚ್ಚಾದಂತೆ ಬಣ್ಣ ಹಳದಿಯಿಂದ ಕಂದಿಗೆ ತಿರುಗುತ್ತದೆ. ಮೊದಲ ದಿನ ನಾನು ಊಟ ಮರೆತು ನೋಡಿದೆ ಮಗಳೇ. ನೀನು ಹುಟ್ಟಿದಾಗ ಒಂದು ಚುಕ್ಕಿಯಷ್ಟೇ ಇದ್ದೆ ಎಂದು ಆ ಹೆಸರು ಬಂತು, ಈಗ ನೀನೇ ಲಕ್ಷಗಟ್ಟಲೆ ಚುಕ್ಕಿ ಇಟ್ಟು ಜನ ಎಲ್ಲಿ ಎದ್ದು ಎಲ್ಲಿಗೆ ನಡೆಯುತ್ತಾರೆ ಎಂದು ಹೇಳುತ್ತಿದ್ದೀಯ. ‘ಪೂರ್ವ ದಿಕ್ಕಿನ ಹಳೇ ಪೇಟೆಗೆ ನಿಮ್ಮ ಕಚೇರಿಯ ಕೈಬರಹದ ಹಾಳೆಗಳನ್ನೇ ಬುಡಕ್ಕೆ ಹಾಕಿಕೊಂಡಿದ್ದೇನೆ, ವರದಿಯ ಮೊದಲ ಪುಟದಲ್ಲಿ ನಿನಗೆ ಕೃತಜ್ಞತೆ ಬರೆದಿದ್ದೇನೆ’ ಎಂದು ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಕೆಳಗಿನ ಮನೆಯಾಕೆಗೂ ಓದಿ ಹೇಳಿದೆ, ಓದಿ ಎಂದು ಆಕೆಯೇನೂ ಕೇಳಿರಲಿಲ್ಲ.

ಎರಡನೇ ದಿನ ನನಗೊಂದು ಹುಚ್ಚು ಹಿಡಿಯಿತು. ನಿನ್ನಮ್ಮ ಈ ಊರಿನಲ್ಲಿ ನಡೆದ ದಾರಿಗಳನ್ನು ನಿನ್ನ ನಕ್ಷೆಯ ಮೇಲೆ ಗುರುತು ಮಾಡಬೇಕು ಅನ್ನಿಸಿತು. ಅವಳು ಹೋಗಿ ನಾಲ್ಕು ವರ್ಷವಾಯಿತು, ಈಗ ಅವಳು ಎಲ್ಲೆಲ್ಲಿ ಓಡಾಡುತ್ತಿದ್ದಳು ಎಂದು ಯಾರಾದರೂ ಕೇಳಿದರೆ ಹೇಳಬಲ್ಲವನು ನಾನೊಬ್ಬನೇ. ಗುಂಡುಸೂಜಿ ಬೇಕಾಯಿತು. ಅವಳ ಹೊಲಿಗೆ ಯಂತ್ರದ ಡ್ರಾಯರು ತೆಗೆದೆ, ಇಷ್ಟು ವರ್ಷದಲ್ಲಿ ಮೊದಲನೇ ಸಲ. ಅದರಲ್ಲಿ ಸೂಜಿಯೂ ಇತ್ತು, ಬೇರೆಯೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ. ತರಕಾರಿ ಮಾರುಕಟ್ಟೆಗೆ ಒಂದು ಸೂಜಿ, ಲೈಬ್ರರಿಗೆ ಒಂದು, ನಿನ್ನ ಸ್ಕೂಲಿನ ಗೇಟಿಗೆ ಒಂದು. ನಾಲ್ಕನೆಯದು ಗುಂಡಿ ಅಕ್ಕನ ಮನೆಗೆ. ನಿನಗೆ ನೆನಪಿರಬೇಕು, ಬಟ್ಟೆ ಹೊಲಿಯುವಾಕೆ, ಮಾತಾಡುವಾಗಲೂ ತುಟಿಯ ಮಧ್ಯೆ ಗುಂಡಿ ಕಚ್ಚಿಕೊಂಡೇ ಇರುತ್ತಿದ್ದರು. ನೀನು ಸ್ಕೂಲಿಗೆ ಹೋದ ಹೊತ್ತಿನಲ್ಲಿ ನಿನ್ನಮ್ಮ ವಾರಕ್ಕೊಂದು ಸಲ ಹಗ್ಗದ ಕಾರ್ಖಾನೆಯ ಹಿಂದಿನ ಆ ಓಣಿಗೆ ಹೋಗಿ ಅವರ ಜೊತೆ ಕೂತು ಬರುತ್ತಿದ್ದಳು. ನಾನು ಸೂಜಿ ಹಿಡಿದುಕೊಂಡು ನಿಂತೆ. ಚುಚ್ಚುವುದಕ್ಕೆ ಜಾಗ ಇಲ್ಲ. ಕಾರ್ಖಾನೆ ಇದೆ, ಆ ಕಡೆ ರೈಲು ಹಳಿ ಇದೆ, ನಡುವೆ ಎರಡು ಕೂದಲೆಳೆಯಷ್ಟು ಅಗಲದ ಬಿಳಿ. ಭೂತಗನ್ನಡಿ ತಂದೆ. ಬಿಳಿಯೇ. ನಿನ್ನ ನಕ್ಷೆಯ ಮೂಲೆಯಲ್ಲಿ ಬಿಳಿ ಎಂದರೆ ಜನವಸತಿ ಇಲ್ಲದ ಜಾಗ ಅಂತ ಬರೆದಿದ್ದೀಯ.

ನೀನು ಚಿಕ್ಕವಳಿದ್ದಾಗ ಮೊಂಡು ಪೆನ್ಸಿಲ್ಲಿನ ಕಥೆ ಹೇಳುತ್ತಿದ್ದೆನಲ್ಲ, ನಕ್ಷೆಯಲ್ಲಿ ಒಂದು ಓಣಿಯನ್ನೇ ಕಳೆದ ನಕ್ಷೆಗಾರನ ಕಥೆ. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಯಾವ ಹಾಳೆ, ಯಾವ ಓಣಿ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಇದೇ ಓಣಿ. ಆಮೇಲೆ ತಿದ್ದಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ತಿದ್ದುಪಡಿ ಚೀಟಿ ಬರೆದದ್ದನ್ನು ಕಣ್ಣಾರೆ ನೋಡಿದ್ದೆ. ಆ ಚೀಟಿ ಯಾವ ಫೈಲಿನ ಹೊಟ್ಟೆ ಸೇರಿತೋ, ಹೊಸ ಮುದ್ರಣ ಬರಲೇ ಇಲ್ಲ.

ನಮ್ಮ ಕಾಲದ ಕೆಲಸದ ರೀತಿ ನಿನಗೆ ಸರಿಯಾಗಿ ಹೇಳಿಲ್ಲ, ಈಗ ಹೇಳುತ್ತೇನೆ, ಬೇಸರಪಡಬೇಡ. ಒಂದೊಂದು ಹಾಳೆ ಒಬ್ಬೊಬ್ಬನದು. ಹದಿನೇಳು ನನ್ನದು, ಹದಿನೆಂಟು ಮೊಂಡು ಪೆನ್ಸಿಲ್ಲಿನದು. ಪೆನ್ಸಿಲ್ಲನ್ನು ಎಂದೂ ಚೂಪು ಮಾಡದೆ ತಿರುಗಿಸಿ ತಿರುಗಿಸಿ ಬರೆಯುತ್ತಿದ್ದ, ಅದಕ್ಕೆ ಆ ಹೆಸರು. ಎರಡು ಹಾಳೆ ಕೂಡುವ ಕಡೆ ಎರಡು ಬೆರಳಗಲದ ಒಂದು ಪಟ್ಟಿ ಇರುತ್ತಿತ್ತು. ಅದನ್ನು ಅಳೆಯುವುದು ಚಿಕ್ಕ ನಂಬರಿನವನ ಕೆಲಸ. ಅವನು ಅದನ್ನು ಬೇರೆಯಾಗಿ ಟ್ರೇಸಿಂಗ್ ಬಟ್ಟೆಯ ಮೇಲೆ ಬರೆದು ದೊಡ್ಡ ನಂಬರಿನವನ ಕೈಗೆ ಕೊಡಬೇಕು, ಅವನು ಅದನ್ನು ನೋಡಿ ತನ್ನ ಹಾಳೆಯ ಎಡ ಅಂಚಿನಲ್ಲಿ ಇಳಿಸಬೇಕು. ಒಬ್ಬ ಅಳೆದದ್ದನ್ನು ಇನ್ನೊಬ್ಬ ಬರೆದರೆ ಗೆರೆಗಳು ತಪ್ಪದೆ ಕೂಡುತ್ತವೆ ಎಂದು ಹಿಂದಿನ ಯಾವನೋ ಸಾಹೇಬ ಮಾಡಿದ ಕಟ್ಟಳೆ. ಟ್ರೇಸಿಂಗ್ ಬಟ್ಟೆ ಎಂದರೆ ನಿಜವಾದ ಬಟ್ಟೆಯೇ ಕಣೆ, ಗಂಜಿ ಹಾಕಿ ಗಾಜಿನ ಹಾಗೆ ಮಾಡಿದ ನೀಲಿ ಬಟ್ಟೆ. ಬಿಸಿನೀರಿನಲ್ಲಿ ನೆನೆಸಿದರೆ ಗಂಜಿ ಬಿಟ್ಟು ಮಲ್‌ಮಲ್‌ನಂಥ ನಯವಾದ ಬಟ್ಟೆ ಉಳಿಯುತ್ತಿತ್ತು. ರದ್ದಾದ ತುಂಡುಗಳನ್ನು ನಾವೆಲ್ಲ ಮನೆಗೆ ಒಯ್ಯುತ್ತಿದ್ದೆವು. ನಿನ್ನಮ್ಮ ಒಗೆದು ಕರವಸ್ತ್ರ ಹೊಲಿಯುತ್ತಿದ್ದಳು. ನೀನು ಮೊದಲು ತೊಟ್ಟ ಅಂಗಿ ಒಂಬತ್ತನೇ ಹಾಳೆಯ ಕರಡು. ಬೆನ್ನಿನ ಮೇಲೆ ಒಂದು ಸೇತುವೆ ಮಾಸಲಾಗಿ ಉಳಿದಿತ್ತು, ಎಷ್ಟು ಒಗೆದರೂ ಹೋಗಲಿಲ್ಲ.

ಆಗ ಮೊಂಡು ಪೆನ್ಸಿಲ್ಲಿಗೂ ನನಗೂ ಮಾತಿರಲಿಲ್ಲ. ಕಾರಣ ಕೇಳಿದರೆ ನಗುತ್ತೀಯ. ನಮ್ಮ ಸೆಕ್ಷನ್ನಿನಲ್ಲಿ ಒಂದೇ ಕಿಟಕಿ, ಅದರ ಪಕ್ಕ ಒಂದೇ ಮೇಜು. ಉತ್ತರದ ಬೆಳಕು, ಕೈಯ ನೆರಳು ಗೆರೆಯ ಮೇಲೆ ಬೀಳುವುದಿಲ್ಲ. ನಾನು ಅವನಿಗಿಂತ ನಾಲ್ಕು ತಿಂಗಳು ಹಿರಿಯ, ಮೇಜು ಮಾತ್ರ ಅವನಿಗೆ ಸಿಕ್ಕಿತು. ಅವತ್ತಿನಿಂದ ಎತ್ತು ಏರಿಗೆ, ಕೋಣ ನೀರಿಗೆ. ಅಂಥ ಹೊತ್ತಿನಲ್ಲೇ ಹದಿನೇಳು, ಹದಿನೆಂಟು ಅಚ್ಚಿಗೆ ಹೋದವು. ಎರಡು ವರ್ಷದ ಮೇಲೆ ಆ ಓಣಿಯವರು ನಲ್ಲಿ ಬೇಕು ಎಂದು ಅರ್ಜಿ ಹಿಡಿದುಕೊಂಡು ಬಂದರು. ಗುಮಾಸ್ತ ಹಾಳೆ ಬಿಚ್ಚಿ ನೋಡಿ, ಎದುರಿಗೆ ನಿಂತಿದ್ದ ಹದಿನೈದು ಜನರಿಗೆ ‘ಅಲ್ಲಿ ಯಾರೂ ಇಲ್ಲವಲ್ಲ’ ಅಂದನಂತೆ. ಒಬ್ಬಾಕೆ ‘ಹಾಗಾದ್ರೆ ನಾವು ಹೋಗಿ ನೋಡ್ಕೊಂಡು ಬರ್ತೀವಿ, ಇದೀವೋ ಇಲ್ವೋ’ ಅಂದಳಂತೆ. ವಿಚಾರಣೆಯಾಯಿತು. ಸಾಹೇಬರು ಇಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ಪಟ್ಟಿ ಕೊಟ್ಟೆ ಸಾರ್ ಎಂದೆ. ಅವನು ಬಂದಿಲ್ಲ ಸಾರ್ ಎಂದ. ಸಾಹೇಬರು ನನ್ನ ಹಾಳೆಯ ಅಚ್ಚುಕಟ್ಟು ನೋಡಿದರು, ಅವನ ಹಾಳೆಯ ಮೇಲಿನ ಚಹಾ ಕಲೆ ನೋಡಿದರು. ಅವನನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ. ಹನ್ನೊಂದು ವರ್ಷ ಅಲ್ಲೇ ಇದ್ದ. ಮೇಜು ನನಗೆ ಬಂತು.

ಇರಲಿ, ಈಗಿನ ವಿಷಯಕ್ಕೆ ಬರುತ್ತೇನೆ. ಮೇಲಿನಿಂದ ತೆಗೆದ ಫೋಟೋಗಳು ನಿಮ್ಮ ಹತ್ತಿರ ಇವೆ, ಅದರಲ್ಲಿ ಮನೆಗಳು ಕಾಣಬೇಕಲ್ಲ ಎಂದು ಗಡಿಯಾರದಮ್ಮನನ್ನು ಕೇಳಿದೆ. ಅವರು ತಮ್ಮ ಯಂತ್ರದಲ್ಲಿ ತೋರಿಸಿದರು. ಅದೆಲ್ಲ ಹಗ್ಗದ ಕಾರ್ಖಾನೆಯವರು ಹಿಂದೆ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆ, ಇಡೀ ಸಾಲಿಗೆ ಉದ್ದಕ್ಕೂ ಒಂದೇ ತಗಡಿನ ಮಾಡು. ಆಕಾಶದಿಂದ ನೋಡಿದವನಿಗೆ ಕಾರ್ಖಾನೆಯ ಉಗ್ರಾಣದ ಹಾಗೆಯೇ ಕಾಣುತ್ತದೆ. ಹಳೇ ಹಾಳೆಯಲ್ಲೂ ಮನೆಯಿಲ್ಲ, ಆದ್ದರಿಂದ ಉಗ್ರಾಣ ಎಂದೇ ಬರೆದುಕೊಂಡಿದ್ದೀರಿ. ಮನೆಯೇ ಇಲ್ಲವೆಂದ ಮೇಲೆ ಸಮೀಕ್ಷೆಯವರು ಆ ಕಡೆ ತಲೆ ಹಾಕಿಲ್ಲ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ ಮಗಳೇ. ಬುಡದ ಹಾಳೆಯನ್ನು ನೀನು ನಂಬಿದೆ, ನಂಬಬೇಕಾದ್ದೇ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಹೊಸ ಆಸ್ಪತ್ರೆ ಸ್ಟೇಶನ್ನಿನ ಮೇಲಿನ ಜಾಗದಲ್ಲೋ ಕಾರ್ಖಾನೆಯ ಕೆಳಗಿನ ಜಾಗದಲ್ಲೋ ಎಂದು ಗುರುವಾರ ತೀರ್ಮಾನ ಎಂದು ನೀನು ಬರೆದಿದ್ದೆ. ಅರ್ಧ ಗಂಟೆಗಿಂತ ಹೆಚ್ಚು ನಡೆಯಬೇಕಾದ ಜನ ಯಾವ ಕಡೆ ಜಾಸ್ತಿಯೋ ಆ ಕಡೆಗೆ ಎಂದೂ, ಮೇಲಿನ ಕಡೆ ಬರೀ ನೂರ ತೊಂಬತ್ತು ಜನ ಹೆಚ್ಚಿಗೆ ಬಂದಿದ್ದಾರೆ ಎಂದೂ ಬರೆದಿದ್ದೆ. ಆ ಓಣಿಯೊಂದರಲ್ಲೇ ನೂರ ತೊಂಬತ್ತಕ್ಕಿಂತ ಹೆಚ್ಚು ಜನ ಇರಬೇಕಲ್ಲ ಎಂದು ನಾನು ಬೆರಳು ಮಡಚಿ ಎಣಿಸತೊಡಗಿದೆ.

ಬುಧವಾರ ಬೆಳಿಗ್ಗೆ ಮೊಂಡು ಪೆನ್ಸಿಲ್ಲಿನ ಮನೆಗೆ ಹೋದೆ. ಮೂವತ್ತೆಂಟು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತು ಎಂದರೆ ಎರಡು ಸಾವಿನ ಮನೆಯಲ್ಲಿ ‘ಎಷ್ಟು ಹೊತ್ತಿಗೆ ತೆಗೀತಾರಂತೆ’ ಎನ್ನುವಷ್ಟೇ. ಬಾಗಿಲು ತೆಗೆದವನು ಮುಖ ನೋಡಲಿಲ್ಲ, ಪಾದ ನೋಡಿ ‘ಚಪ್ಪಲಿ ಹೊರಗೆ ಬಿಡು, ಈಗ ಒರೆಸಿದೀನಿ’ ಅಂದ. ಅವನೂ ಈಗ ಒಬ್ಬನೇ, ಮಗ ಬೇರೆ ಬೀದಿಯಲ್ಲಿ. ಕಣ್ಣು ಮಂಜಾಗಿದೆ, ಕನ್ನಡಕ ಸೋಡಾ ಬಾಟಲಿಯ ತಳದ ಹಾಗಿದೆ. ನಾನು ನಿನ್ನ ನಕ್ಷೆಯ ವಿಷಯ ಹೇಳಿ, ಓಣಿ ಅಳೆಯಬೇಕು, ಟೇಪಿನ ಇನ್ನೊಂದು ತುದಿ ಹಿಡಿಯುವವರಿಲ್ಲ ಅಂದೆ. ಅವನು ಚಹಾ ಲೋಟ ತಿರುಗಿಸಿದ, ಪೆನ್ಸಿಲ್ಲು ತಿರುಗಿಸುವ ಹಾಗೆಯೇ. ಆಮೇಲೆ ‘ಯಾವ ತುದಿ ನನಗೆ? ಸೊನ್ನೆಯ ತುದಿ ಆದ್ರೆ ಬರ್ತೀನಿ, ಓದೋ ತುದಿ ಕಾಣಲ್ಲ’ ಅಂದ.

ಮೂರು ದಿನ ಹೋದೆವು. ಗಡಿಯಾರದಮ್ಮ ಖಾಲಿ ಫಾರಮು ಕೊಟ್ಟರು, ಪ್ರಶ್ನೆ ಕೇಳುವ ಕ್ರಮ ಹೇಳಿಕೊಟ್ಟರು, ಮೊದಲ ದಿನ ಜೊತೆಗಿದ್ದು ಹತ್ತು ಮನೆ ತಾವೇ ಮಾಡಿದರು. ಇಬ್ಬರು ಮುದುಕರು ಟೇಪು ಹಿಡಿದುಕೊಂಡು ಓಣಿಗೆ ನುಗ್ಗಿದ್ದನ್ನು ನೋಡಿ ಅರ್ಧ ಓಣಿ ಹೊರಗೆ ಬಂತು. ‘ಒಡೆಯೋಕೆ ಬಂದ್ರಾ’ ಎಂದು ಒಬ್ಬ. ‘ಇವರು ಒಡೀತಾರಾ, ಇವರನ್ನ ಯಾರಾದ್ರೂ ಹಿಡ್ಕೊಳ್ಳಿ’ ಎಂದು ಇನ್ನೊಬ್ಬಳು. ಗುಂಡಿ ಅಕ್ಕ ಇನ್ನೂ ಇದ್ದಾರೆ, ಎಂಬತ್ತೆರಡು ವರ್ಷ. ಹೊಲಿಗೆ ನಿಲ್ಲಿಸಿದ್ದಾರೆ, ತುಟಿಯಲ್ಲಿ ಗುಂಡಿ ಇಲ್ಲ, ಆದರೂ ತುಟಿ ಹಾಗೇ ಬಿಗಿಹಿಡಿದು ಮಾತಾಡುತ್ತಾರೆ. ನನ್ನನ್ನು ಗುರುತು ಹಿಡಿದು ‘ಏನ್ ಸ್ವಾಮಿ, ಹೆಂಡತಿ ಹಿಂದೆ ಬಂದ್ರಾ? ನಾಲ್ಕು ವರ್ಷ ತಡವಾಯ್ತು’ ಅಂದರು. ಎಣಿಸುವುದಕ್ಕೆ ಬಂದಿದ್ದೇವೆ ಅಂದೆ. ‘ಓಟಿಗೆ ಮುಂಚೆ ಎಲ್ಲರಿಗೂ ನಮ್ಮ ಓಣಿ ಗೊತ್ತಿರುತ್ತೆ, ಆಮೇಲೆ ಅಂಚೆಯವನಿಗೆ ಮಾತ್ರ’ ಅಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ನಿನ್ನ ಫಾರಮು ಚೆನ್ನಾಗಿದೆ, ಆದರೆ ಮನುಷ್ಯರು ಅದರ ಚೌಕದ ಮನೆಗಳಿಗೆ ಸರಿಯಾಗಿ ಇಳಿಯುವುದಿಲ್ಲ. ಆಸ್ಪತ್ರೆಗೆ ಕೊನೇ ಸಲ ಹೇಗೆ ಹೋದಿರಿ ಎಂದು ಕೇಳಿದೆ. ಬಸ್ಸು, ರೈಲು, ಸೈಕಲ್ಲು, ಕಾಲ್ನಡಿಗೆ ಎಂದು ನಾಲ್ಕು ಮನೆ ಕೊಟ್ಟಿದ್ದೀಯ. ಗುಂಡಿ ಅಕ್ಕ ‘ನಿಧಾನವಾಗಿ’ ಅಂದರು. ಎಷ್ಟು ನಿಮಿಷ ಅಂದೆ. ‘ಹೋಗೋದಕ್ಕಾ, ಅಲ್ಲಿ ತನಕ ಹೋಗಬೇಕಾ ಬೇಡ್ವಾ ಅಂತ ಯೋಚನೆ ಮಾಡೋದಕ್ಕಾ?’ ಹೋಗುವುದಕ್ಕೇ ಐವತ್ತು ನಿಮಿಷ, ಮಧ್ಯೆ ಎರಡು ಸಲ ಕೂರಬೇಕು, ರೈಲು ಗೇಟು ಹಾಕಿದ್ದರೆ ಇನ್ನೂ ಹದಿನೈದು. ಒಬ್ಬ ಬಸುರಿ ಹೆಂಗಸು ತಿಂಗಳ ತಪಾಸಣೆಗೆ ಹೋಗಲಿಲ್ಲ ಅಂದಳು. ಯಾಕೆ ಎನ್ನುವ ಪ್ರಶ್ನೆ ಫಾರಮಿನಲ್ಲಿಲ್ಲ, ಆದರೂ ಕೇಳಿದೆ. ‘ಹೋಗಿಬರೋದ್ರಲ್ಲಿ ಅರ್ಧ ದಿನದ ಕೆಲಸ ಹೋಗುತ್ತೆ ಅಜ್ಜಾ, ಹೊಟ್ಟೆಲಿರೋದು ಹೇಗೂ ಜೊತೆಲೇ ಇರುತ್ತಲ್ಲ’ ಅಂದಳು. ನಾನು ಕಾಲ್ನಡಿಗೆ ಎನ್ನುವ ಮನೆಗೆ ಗುರುತು ಹಾಕಿದೆ. ಉಳಿದದ್ದನ್ನು ಹಿಂಬದಿಯಲ್ಲಿ ಬರೆದಿದ್ದೇನೆ, ನಿಮಗೆ ಬೇಕಾದರೆ ಓದಿಕೊಳ್ಳಿ.

ಎನ್‌ಕ್ಲೋಸ್ಡ್ ಹಿಯರ್‌ವಿತ್: ಅರವತ್ತಮೂರು ಮನೆಗಳ ಅರವತ್ತಮೂರು ಫಾರಮು. ಒಟ್ಟು ಇನ್ನೂರ ಎಪ್ಪತ್ತೊಂದು ಜನ. ನಿನ್ನ ಲೆಕ್ಕದಲ್ಲಿ ಇಪ್ಪತ್ತೇಳು ಚುಕ್ಕಿ, ಮೇಲೆ ಒಬ್ಬ ಉಳಿಯುತ್ತಾನೆ. ಎಲ್ಲರಿಗೂ ಅರ್ಧ ಗಂಟೆಗಿಂತ ಹೆಚ್ಚಿನ ನಡಿಗೆ. ಉಪ್ಪು ಖಾರ ಸೇರಿಸಿಲ್ಲ. ಬೀಗ ಹಾಕಿದ್ದ ಎರಡು ಮನೆಗೆ ಮೂರು ಸಲ ಹೋಗಿ ಜನ ಇದ್ದ ಮೇಲೆಯೇ ಬರೆದಿದ್ದೇನೆ. ಗಡಿಯಾರದಮ್ಮ ತಾವೇ ಹೋಗಿ ಎಂಟು ಮನೆ ಮತ್ತೆ ಪರೀಕ್ಷೆ ಮಾಡಿ ಸಹಿ ಹಾಕಿದ್ದಾರೆ. ಆಸ್ಪತ್ರೆ ಎಲ್ಲಿ ಆಗಬೇಕು ಎಂದು ನಾನು ಹೇಳುವುದಿಲ್ಲ, ಅದು ನೀನು ಕೂಡಿಸಿ ನೋಡಿ ಹೇಳಬೇಕಾದ ಮಾತು. ಬುಡದ ಹಾಳೆಯಲ್ಲೇ ತಪ್ಪಿತ್ತು ಎಂದು ಮೀಟಿಂಗಿನಲ್ಲಿ ನೀನೇ ಎದ್ದು ನಿಂತು ಹೇಳಬೇಕಾಗುತ್ತದೆ. ಇನ್ನೆಲ್ಲೆಲ್ಲಿ ಹೀಗಿದೆಯೋ ಎಂದು ಅವರು ಕೇಳುತ್ತಾರೆ. ಹಾಳೆ ಕೂಡುವ ಕಡೆಗಳನ್ನೆಲ್ಲ ಮತ್ತೆ ನಡೆದು ನೋಡಬೇಕಾದೀತು. ಎಂಟು ತಿಂಗಳ ಕೆಲಸಕ್ಕೆ ಕೊನೇ ವಾರದಲ್ಲಿ ಅಪ್ಪನೇ ಕಲ್ಲು ಹಾಕಿದನಲ್ಲ ಎಂದು ನಿನಗೆ ಅನ್ನಿಸಿದರೆ, ಅನ್ನಿಸಲಿ. ನಿನ್ನ ಕೈಲಾಗುತ್ತದೆ. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ನದಿಯನ್ನು ಗುಡ್ಡ ಹತ್ತಿಸಿದಾಗ ಎದ್ದು ನಿಂತು ಹೇಳಿದವಳು ನೀನು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕುತ್ತಿಗೆಗೆ ಬಿಸಿ ಬಟ್ಟೆ ಹಾಕು. ನಿನ್ನ ಜೊತೆಯ ಆ ಲೆಕ್ಕಶಾಸ್ತ್ರದ ಹುಡುಗಿಗೂ ಅವಳ ಬೆಕ್ಕಿಗೂ ನನ್ನ ನೆನಪು ಹೇಳು. ಗುಂಡಿ ಅಕ್ಕ ‘ಆ ಸೇತುವೆ ಅಂಗಿಯ ಮಗು ಹೇಗಿದೆ’ ಎಂದು ಕೇಳಿದರು, ನಿನಗೆ ಒಳ್ಳೆಯದಾಗಲಿ ಅಂದರು. ನಾನೂ ಅದನ್ನೇ ಅನ್ನುತ್ತೇನೆ. ನಿನ್ನ ಗೆರೆಗಳು ನೆಟ್ಟಗಿರಲಿ, ನಿನ್ನ ದಾರಿಯಲ್ಲಿ ಬೆಳಕಿರಲಿ.

ಮುಗಿಸುವಾಗ ಯುವರ್ಸ್ ಫೇತ್‌ಫುಲಿಯೋ ಸಿನ್ಸಿಯರ್ಲಿಯೋ, ಅಪ್ಪನಾದವನು ಯಾವುದು ಬರೆಯಬೇಕು ಎಂದು ಮರೆತಿದ್ದೇನೆ. ಎರಡೂ ಇರಲಿ.

ನಿನ್ನ ಅಪ್ಪ

ತಾ.ಕ.: ಗಡಿಯಾರದಮ್ಮ ಬಂದು ಕೆಳಗೆ ನಿಂತಿದ್ದಾರೆ, ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಷ್ಟುದ್ದ ಬರೆದರೂ ಬರೆಯಬೇಕಾದ್ದು ಬರೆಯಲಿಲ್ಲ. ಆ ಪಟ್ಟಿ ನಾನು ಕೊಟ್ಟಿರಲಿಲ್ಲ. ಅಳೆದಿದ್ದೆ, ಅರವತ್ತು ಮನೆಯನ್ನೂ ಬರೆದಿದ್ದೆ (ಆಗ ಮೂರು ಕಮ್ಮಿ), ಕಿಟಕಿ ಮೇಜು ಸಿಕ್ಕವನು ತಾನೇ ಬಂದು ಕೇಳಲಿ ಎಂದು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಅವನು ಕೇಳಲಿಲ್ಲ. ಹಾಳೆ ಅಚ್ಚಿಗೆ ಹೋಯಿತು. ಆಮೇಲೆ ಸಾಹೇಬರ ಮುಂದೆ ಕೊಟ್ಟೆ ಸಾರ್ ಅಂದುಬಿಟ್ಟೆ. ನಿನ್ನಮ್ಮನಿಗೂ ಹಾಗೇ ಹೇಳಿದೆ. ಪಟ್ಟಿ ಎಲ್ಲಿ ಹೋಯಿತೆಂದು ನನಗೇ ಗೊತ್ತಿರಲಿಲ್ಲ, ಕರಡು ಬಟ್ಟೆಗಳ ಜೊತೆ ಒಗೆದು ಕರವಸ್ತ್ರವಾಗಿರಬೇಕು ಅಂದುಕೊಂಡಿದ್ದೆ. ಸೂಜಿ ಹುಡುಕಿದಾಗ ಡ್ರಾಯರಿನಲ್ಲಿ ಅದೇ ಇತ್ತು. ಅವಳು ಒಗೆದಿಲ್ಲ. ದಾರ ಬಿಡದಿರಲಿ ಎಂದು ನಾಲ್ಕೂ ಅಂಚಿಗೆ ಹೊಲಿಗೆ ಹಾಕಿದ್ದಾಳೆ. ಗುಂಡಿ ಅಕ್ಕನ ಮನೆಯ ಮೇಲೆ ಅವಳ ಹೊಲಿಗೆಯ ಬಿಳಿ ಸೀಮೆಸುಣ್ಣದ ಒಂದು ಗುರುತು. ಆ ವಿಚಾರಣೆಯಾದ ವರ್ಷದಿಂದ ನನ್ನ ಕಚೇರಿಯ ಬಟ್ಟೆಯಲ್ಲಿ ಏನೂ ಹೊಲಿಯುವುದಿಲ್ಲ, ಬಣ್ಣ ಬಿಡುತ್ತೆ ಅಂದಿದ್ದಳು. ಒಂದು ಮಾತು ಕೇಳಲಿಲ್ಲ ನನ್ನನ್ನು. ಸ್ಕೂಲು ಬಿಟ್ಟ ಮೇಲೆ ನೀನು ಬಂದು ಕೂತು ಗೆರೆ ಹಾಕುವುದನ್ನು ಕಲಿತೆಯಲ್ಲ, ಆ ಕಿಟಕಿ ಅವನದು ಮಗಳೇ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ತೆಗೆದು ಅವನದು ಹಾಕು, ಹೆಸರು ಫಾರಮುಗಳ ಮೇಲಿದೆ, ಟೇಪು ಹಿಡಿದವರು ಎನ್ನುವ ಕಡೆ. ನಿನ್ನೆ ಗುಂಡಿ ಅಕ್ಕನ ಜಗಲಿಯ ಮೇಲೆ ಕೂತು ಅವನಿಗೆ ಎಲ್ಲ ಹೇಳಿ ಪಟ್ಟಿ ಮುಂದೆ ಹಿಡಿದೆ. ಕನ್ನಡಕಕ್ಕೆ ಹತ್ತಿರ ಹಿಡಿದು ನೋಡಿ, ‘ಗೆರೆ ಚೆನ್ನಾಗಿದೆ. ನೀನು ಕೊಟ್ಟಿಲ್ಲ ಅಂತ ನನಗೆ ಗೊತ್ತಿರಲ್ವೇನೋ? ಮಗಳಿಗೆ ಗೊತ್ತಾ?’ ಅಂದ. ಇಲ್ಲ ಅಂದೆ. ಪಟ್ಟಿ ಮಡಚಿ ನನ್ನ ಜೇಬಿಗೇ ವಾಪಸು ಹಾಕಿ, ‘ಹಾಗಾದ್ರೆ ಇನ್ನೂ ಕೊಟ್ಟಿಲ್ಲ ಬಿಡು’ ಅಂದ. ಪಟ್ಟಿ ಈ ಲಕೋಟೆಯಲ್ಲಿದೆ. ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ಇಟ್ಟು ನೋಡು, ಗೆರೆ ಕೂಡುತ್ತದೆ. ಕೊಟ್ಟಿದ್ದೇನೆ.